ಟ್ರ್ಯಾಕಿಗೆ ಇಳಿಯುವ ಹವ್ಯಾಸಿ ಕಾರು ಚಾಲಕರಿಗೆ ಎಂಥ ಹೆಲ್ಮೆಟ್ ಬೇಕು?

ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅದಕ್ಕಿಂತ ತುಸು ದೂರ. ಬೆಂಗಳೂರು, ಮೈಸೂರುಗಳ ಕಾರುಪ್ರಿಯರು ತಮ್ಮ ಕಾರಿನ ನಿಜವಾದ ವೇಗವನ್ನು ರಸ್ತೆಯ ಮೇಲಲ್ಲದೆ ಸುರಕ್ಷಿತ ಜಾಗದಲ್ಲಿ ನೋಡಬೇಕೆಂದರೆ ಹೆಚ್ಚಾಗಿ ಹೋಗುವುದು ಈ ಎರಡು ಕಡೆಗೆ. ಟ್ರ್ಯಾಕ್ ಡೇ ಎಂದು ಕರೆಯುವ ಈ ದಿನಗಳಲ್ಲಿ ಸ್ಪರ್ಧೆ ಇರುವುದಿಲ್ಲ; ಶುಲ್ಕ ಕಟ್ಟಿ, ಕಾರಿನ ಬ್ರೇಕು, ಟೈರುಗಳ ತಪಾಸಣೆ ಮುಗಿಸಿ, ಸೂಚನೆಗಳನ್ನು ಕೇಳಿಸಿಕೊಂಡು ಸರದಿಯಲ್ಲಿ ಸುತ್ತು ಹಾಕಬಹುದು. ಆಯೋಜಕರ ಸೂಚನಾಪತ್ರದಲ್ಲಿ ಹೆಲ್ಮೆಟ್ ಕುರಿತು ಹಲವು ಸಲ ಒಂದೇ ಸಾಲು ಇರುತ್ತದೆ: ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಆ ಒಂದು ಸಾಲನ್ನು ನಂಬಿದವರು ಮನೆಯಲ್ಲಿರುವ ಬೈಕ್ ಹೆಲ್ಮೆಟ್ಟನ್ನೇ ಹೊತ್ತು ಹೋಗುತ್ತಾರೆ. ಇನ್ನು ಕೆಲವರು ಇದಕ್ಕೆ ವಿರುದ್ಧವಾದ ತುದಿಗೆ ಹೋಗಿ, ವೃತ್ತಿಪರ ರೇಸರ್‌ಗಳು ಧರಿಸುವ ಕಾರ್ಬನ್ ಫೈಬರ್ ಹೆಲ್ಮೆಟ್ಟಿಗೆ ದೊಡ್ಡ ಮೊತ್ತ ಸುರಿದು, ಅದು ತಲೆಗೆ ಸರಿಯಾಗಿ ಕೂರದಿದ್ದರೂ ಸುರಕ್ಷತೆ ಕೈಸೇರಿತೆಂದು ಭಾವಿಸುತ್ತಾರೆ.

ಈ ಎರಡೂ ನಿರ್ಧಾರಗಳಲ್ಲಿ ಬಿಟ್ಟುಹೋಗುವ ಸಂಗತಿಯೆಂದರೆ ಕಾರು. ಹೆಲ್ಮೆಟ್ಟಿನ ಮೇಲೆ ಅಂಟಿಸಿರುವ ಪ್ರಮಾಣಪತ್ರದ ಚೀಟಿ, ಯಾವ ಬಗೆಯ ಅಪಘಾತವನ್ನು ಕಲ್ಪಿಸಿಕೊಂಡು ಆ ಹೆಲ್ಮೆಟ್ಟನ್ನು ಪರೀಕ್ಷೆ ಮಾಡಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ನಿಮ್ಮ ಅಪಘಾತ ಯಾವ ಬಗೆಯದ್ದಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾರಿನೊಳಗಿನ ಸೀಟು, ಬೆಲ್ಟು, ಕಂಬ, ಛಾವಣಿ ಮತ್ತು ಏರ್‌ಬ್ಯಾಗ್. ಹಾಗಾಗಿ ಹೆಲ್ಮೆಟ್ ಅಂಗಡಿಗೆ ಹೋಗುವ ಮುನ್ನ ಕಾರಿನ ಬಾಗಿಲು ತೆರೆದು ಚಾಲಕನ ತಲೆಯ ಸುತ್ತ ಏನೇನಿದೆ ಎಂದು ನೋಡುವುದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ.

ಹೆಲ್ಮೆಟ್ ಮಾಡುವ ಮುಖ್ಯ ಕೆಲಸ ಅದರ ಹೊರಗಿನ ಗಟ್ಟಿ ಚಿಪ್ಪಿನಲ್ಲಿಲ್ಲ, ಒಳಗಿನ ಥರ್ಮೋಕೋಲಿನಲ್ಲಿದೆ. ಹೊಸ ಟಿ.ವಿ.ಯ ಡಬ್ಬಿಯಲ್ಲಿ ಬರುವ ವಸ್ತುವಿನ ಜಾತಿಗೇ ಸೇರಿದ, ಆದರೆ ಸಾಂದ್ರತೆಯನ್ನು ಲೆಕ್ಕ ಹಾಕಿ ತಯಾರಿಸಿದ ಈ ಪದರ, ತಲೆ ಬಂದು ಬಡಿದಾಗ ಜಜ್ಜಿಹೋಗುತ್ತಾ ತಲೆಯನ್ನು ನಿಧಾನಗೊಳಿಸುತ್ತದೆ. ಯುರೋಪಿನ ಬೈಕ್ ಹೆಲ್ಮೆಟ್ ಮಾನದಂಡವಾದ ಇಸಿಇ 22.06ರ ಅತಿ ಕಠಿಣ ಪರೀಕ್ಷೆಯಲ್ಲಿ ಹೆಲ್ಮೆಟ್ ತೊಡಿಸಿದ ತಲೆಯ ಅಚ್ಚನ್ನು ಸೆಕೆಂಡಿಗೆ 8.2 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ, ಲೋಹದ ದಿಮ್ಮಿಗೆ ಬಡಿಸುತ್ತಾರೆ. ಆ ತಲೆ 30 ಮಿಲಿಮೀಟರ್ ದೂರದೊಳಗೆ ಒಂದೇ ಸಮನಾಗಿ ನಿಂತಿತೆಂದು ಇಟ್ಟುಕೊಂಡರೆ ಅದರ ಮೇಲೆ ಗುರುತ್ವಾಕರ್ಷಣೆಯ ಸುಮಾರು 114 ಪಟ್ಟು ಒತ್ತಡ ಬೀಳುತ್ತದೆ. ಹತ್ತೇ ಮಿಲಿಮೀಟರಿನಲ್ಲಿ ನಿಂತರೆ ಅದು 340 ಪಟ್ಟನ್ನು ದಾಟುತ್ತದೆ. ಈ ಪರೀಕ್ಷೆ ಒಪ್ಪುವ ಮಿತಿ 275 ಪಟ್ಟು. ಜೀವ ಉಳಿಯುವುದು ಈ ಕೆಲವು ಮಿಲಿಮೀಟರುಗಳ ಅಂತರದಲ್ಲಿ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿಗೆ 30 ಕಿಲೋಮೀಟರಿನ ಪರೀಕ್ಷೆ ಹೇಗೆ ಸಾಕು ಎಂಬ ಪ್ರಶ್ನೆ ಸಹಜ. ಕಾರಿನ ವೇಗವನ್ನೆಲ್ಲ ನುಂಗಬೇಕಾದದ್ದು ಟ್ರ್ಯಾಕಿನ ಅಂಚಿನ ಜಲ್ಲಿ, ಟೈರುಗಳ ಗೋಡೆ, ಕಾರಿನ ಮುಂಭಾಗ ಮತ್ತು ಬೆಲ್ಟು. ಅವೆಲ್ಲವೂ ತಮ್ಮ ಪಾಲಿನ ಕೆಲಸ ಮಾಡಿದ ಮೇಲೆ ತಲೆ ಯಾವುದಾದರೂ ಗಟ್ಟಿ ವಸ್ತುವಿಗೆ ತಾಗುವ ಆ ಉಳಿದ ವೇಗಕ್ಕೆ ಮಾತ್ರ ಹೆಲ್ಮೆಟ್ ಹೊಣೆ.

ಬೈಕ್ ಸವಾರನ ತಲೆ ಬಡಿಯುವುದು ಹೆಚ್ಚಾಗಿ ರಸ್ತೆಗೆ, ಅದರ ಅಂಚಿನ ಕಲ್ಲಿಗೆ, ಇನ್ನೊಂದು ವಾಹನಕ್ಕೆ. ಬಡಿದ ಮೇಲೆ ಅವನು ಉರುಳುತ್ತಾನೆ, ಜಾರುತ್ತಾನೆ. ಕಾರಿನೊಳಗಿನ ಚಾಲಕ ಬೆಲ್ಟಿನಿಂದ ಬಂಧಿತನಾಗಿರುತ್ತಾನೆ. ಅವನ ತಲೆ ಒಂದೇ ಜಾಗಕ್ಕೆ ಎರಡು ಮೂರು ಸಲ ಬಡಿಯಬಹುದು, ಆ ಜಾಗ ರೋಲ್ ಕೇಜಿನ, ಎಂದರೆ ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ಒಳಗೆ ಕೂರಿಸುವ ಪಂಜರದ, ಉಕ್ಕಿನ ಕೊಳವೆಯೂ ಆಗಿರಬಹುದು, ಮತ್ತು ಇಂಧನಕ್ಕೆ ಬೆಂಕಿ ಹತ್ತಿದರೆ ಅವನು ಬೆಲ್ಟು ಬಿಚ್ಚಿಕೊಂಡು ಹೊರಬರುವವರೆಗೆ ಉರಿಯ ನಡುವೆಯೇ ಇರಬೇಕಾಗುತ್ತದೆ. ಇದನ್ನು ಗಮನದಲ್ಲಿಟ್ಟು ಕಾರು ಸ್ಪರ್ಧೆಗೆಂದೇ ಮಾನದಂಡ ರೂಪಿಸಿದ ಸಂಸ್ಥೆಗಳಲ್ಲಿ ಅಮೆರಿಕದ ಸ್ನೆಲ್ ಪ್ರತಿಷ್ಠಾನ ಹಳೆಯದು. ಹವ್ಯಾಸಿ ರೇಸ್ ಚಾಲಕರಾಗಿದ್ದ ವಿಲಿಯಂ ಪೀಟ್ ಸ್ನೆಲ್ 1956ರಲ್ಲಿ ಸ್ಪರ್ಧೆಯೊಂದರಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು; ಆ ಕಾಲಕ್ಕೆ ಉತ್ತಮವೆನಿಸಿಕೊಂಡಿದ್ದ ಹೆಲ್ಮೆಟ್ ಅವರ ತಲೆಯಲ್ಲಿತ್ತು. ಮರುವರ್ಷ ಅವರ ಹೆಸರಿನಲ್ಲಿ ಪ್ರತಿಷ್ಠಾನ ಹುಟ್ಟಿತು, 1959ರಲ್ಲಿ ಮೊದಲ ಮಾನದಂಡ ಪ್ರಕಟವಾಯಿತು.

ಸ್ನೆಲ್ ಚೀಟಿಯ ಮೇಲಿನ ಅಕ್ಷರಗಳು ಮುಖ್ಯ. ಎಸ್‌ಎ ಎಂದರೆ ಕಾರು ಸ್ಪರ್ಧೆ, ಎಂ ಎಂದರೆ ಬೈಕು, ಕೆ ಎಂದರೆ ಗೋ-ಕಾರ್ಟ್. ಎಸ್‌ಎ ಪರೀಕ್ಷೆಯಲ್ಲಿ ಎಂ ಪರೀಕ್ಷೆಗಿಲ್ಲದ ಎರಡು ಮುಖ್ಯ ಅಂಶಗಳಿವೆ. ಒಂದು, ರೋಲ್ ಕೇಜಿನ ಕೊಳವೆಯ ಆಕಾರದ ದಿಮ್ಮಿಗೆ ಹೆಲ್ಮೆಟ್ಟನ್ನು ಬಡಿಸುವುದು. ಇನ್ನೊಂದು ಬೆಂಕಿ: ಚಿಪ್ಪಿಗೂ ಗಲ್ಲದ ಪಟ್ಟಿಗೂ ಕಣ್ಣಿನ ಮುಂದಿನ ಪಾರದರ್ಶಕ ಮರೆಯಾದ ವೈಸರಿಗೂ ಪ್ರೊಪೇನ್ ಜ್ವಾಲೆ ಹಿಡಿಯುತ್ತಾರೆ, ಜ್ವಾಲೆ ತೆಗೆದ ಮೇಲೆ ಅವು ನಿಗದಿತ ಸಮಯದೊಳಗೆ ತಾವಾಗಿ ಆರಬೇಕು. ಬೈಕ್ ಹೆಲ್ಮೆಟ್ಟಿನ ಒಳಗಿನ ಬಟ್ಟೆಗೂ ಪ್ಲಾಸ್ಟಿಕ್ ಅಂಚಿಗೂ ಇಂಥ ಷರತ್ತೇ ಇಲ್ಲ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ರೋಮೇನ್ ಗ್ರೋಜಾನ್ ಅವರ ಫಾರ್ಮುಲಾ ಒನ್ ಕಾರು ತಡೆಬೇಲಿಯನ್ನು ಸೀಳಿಕೊಂಡು ಹೋಗಿ ಹೊತ್ತಿ ಉರಿದಾಗ, ಸುಮಾರು ಅರ್ಧ ನಿಮಿಷ ಬೆಂಕಿಯೊಳಗಿದ್ದ ಅವರು ಮುಖ್ಯವಾಗಿ ಕೈಗಳಿಗಾದ ಸುಟ್ಟಗಾಯದೊಂದಿಗೆ ಹೊರಬಂದದ್ದು ಇಂಥ ಪರೀಕ್ಷೆಗಳ ಬೆಲೆಯನ್ನು ತೋರಿಸಿತು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಗೆ ತನ್ನದೇ ಮಾನದಂಡಗಳಿವೆ. ಅವುಗಳಲ್ಲಿ 8860 ಸರಣಿ ಮೇಲ್ಮಟ್ಟದ ಸ್ಪರ್ಧೆಗಳಿಗೆ, 8859 ಸರಣಿ ಅದಕ್ಕಿಂತ ಕೈಗೆಟಕುವ ಬೆಲೆಯದ್ದು. ಹವ್ಯಾಸಿಗೆ ಸ್ನೆಲ್ ಎಸ್‌ಎ ಅಥವಾ ಎಫ್‌ಐಎ 8859 ಸಾಕು. 8860ರ ಹೆಚ್ಚುವರಿ ಬೆಲೆಯನ್ನು ಉತ್ತಮ ಟೈರು, ಬ್ರೇಕ್ ಪ್ಯಾಡುಗಳಿಗೆ ಕೊಡುವುದು ಹೆಚ್ಚು ಪ್ರಯೋಜನಕಾರಿ.

ಇಷ್ಟು ಹೇಳಿದ ಮೇಲೆ ಬೈಕ್ ಹೆಲ್ಮೆಟ್ಟಿನ ಪಕ್ಷದಲ್ಲಿ ಹೇಳಬೇಕಾದದ್ದನ್ನೂ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ಭಯ ಹುಟ್ಟಿಸಿ ಮಾರುವ ಮಾತುಗಳೇ ಹೆಚ್ಚು. ಕಾರ್ಖಾನೆಯಿಂದ ಬಂದಂತೆಯೇ ಇರುವ, ಏರ್‌ಬ್ಯಾಗ್ ಮತ್ತು ಮೂರು ಬಿಂದುಗಳ ಬೆಲ್ಟ್ ಇರುವ ಹ್ಯಾಚ್‌ಬ್ಯಾಕಿನಲ್ಲಿ ಮೊದಲ ಸಲ ಟ್ರ್ಯಾಕಿಗೆ ಇಳಿಯುವವರ ತಲೆಯ ಸುತ್ತ ಉಕ್ಕಿನ ಕೊಳವೆಗಳಿರುವುದಿಲ್ಲ. ಇಂಧನ ಟ್ಯಾಂಕು, ಕೊಳವೆಗಳು ತಯಾರಕರ ಮೂಲ ಸ್ಥಿತಿಯಲ್ಲೇ ಇರುವುದರಿಂದ ಬೆಂಕಿಯ ಸಾಧ್ಯತೆಯೂ ಕಡಿಮೆ. ಅಂಥವರಿಗೆ ಆಗಬಹುದಾದ ಪೆಟ್ಟು ಹೆಚ್ಚಾಗಿ ಕಿಟಕಿಯ ಚೌಕಟ್ಟಿಗೋ ಛಾವಣಿಯ ಅಂಚಿಗೋ ತಲೆ ತಾಗುವ ಮಧ್ಯಮ ವೇಗದ ಪೆಟ್ಟು. 22.06ರಲ್ಲಿ ಇಂಥ ಪೆಟ್ಟಿಗೆಂದೇ ಸೆಕೆಂಡಿಗೆ 6 ಮೀಟರ್ ವೇಗದ ಬೇರೊಂದು ಪರೀಕ್ಷೆ ಇದೆ. ಅಲ್ಲಿ ಮಿತಿ 180 ಪಟ್ಟಿಗೆ ಇಳಿಯುತ್ತದೆ. ಓರೆಯಾಗಿ ಬಡಿದಾಗ ತಲೆ ತಿರುಚಿಕೊಳ್ಳುವ ವೇಗವನ್ನೂ ಅದು ಅಳೆಯುತ್ತದೆ. ತೀವ್ರ ಪೆಟ್ಟಿಗೆಂದು ಒಳಪದರವನ್ನು ತುಂಬ ಗಟ್ಟಿಯಾಗಿ ಮಾಡಿದರೆ ಸಣ್ಣ ಪೆಟ್ಟಿನಲ್ಲಿ ಅದು ಜಜ್ಜದೆ ಉಳಿದು ಭಾರವೆಲ್ಲ ಮಿದುಳಿಗೆ ಹೋಗುತ್ತದೆ ಎಂಬ ವಾಗ್ವಾದ ಅಮೆರಿಕದ ಬೈಕ್ ಪತ್ರಿಕೆಗಳಲ್ಲಿ 2005ರ ಸುಮಾರಿಗೆ ಜೋರಾಗಿ ನಡೆದಿತ್ತು. ಆದ್ದರಿಂದ ಆಯೋಜಕರು ಅನುಮತಿಸುವುದಾದರೆ, ಮೂಲ ಸ್ಥಿತಿಯ ಕಾರಿನಲ್ಲಿ ಮೊದಲ ಒಂದೆರಡು ದಿನಗಳಿಗೆ ತಲೆಗೆ ಸರಿಯಾಗಿ ಕೂರುವ 22.06 ಅಥವಾ ಸ್ನೆಲ್ ಎಂ ಹೆಲ್ಮೆಟ್ ಧರಿಸುವುದನ್ನು ಅವಿವೇಕ ಎನ್ನಲಾಗದು. ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ, ಐಎಸ್‌ಐ ಗುರುತು ಅಚ್ಚಾಗಿದ್ದರೂ ಅದರ ಪರವಾನಗಿ ಸಂಖ್ಯೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಸಿಗದ ಹೆಲ್ಮೆಟ್ಟಿಗೆ ಈ ರಿಯಾಯಿತಿ ಸಲ್ಲದು. ಮುಖ ತೆರೆದಿರುವ ಅರ್ಧ ಹೆಲ್ಮೆಟ್ಟಿಗೂ ಸಲ್ಲದು.

ಪರಿಸ್ಥಿತಿ ಬದಲಾಗುವುದು ಕಾರು ಬದಲಾಗತೊಡಗಿದಾಗ. ಮೈಯನ್ನು ಎರಡೂ ಬದಿಯಿಂದ ಹಿಡಿದಿಡುವ ಬಕೆಟ್ ಸೀಟು, ರೇಸ್ ಕಾರಿನ ಬೆಲ್ಟಾದ ನಾಲ್ಕು ಅಥವಾ ಆರು ಬಿಂದುಗಳ ಹಾರ್ನೆಸ್, ರೋಲ್ ಕೇಜ್ ಇವುಗಳನ್ನು ನಮ್ಮ ಹವ್ಯಾಸಿಗಳು ಹಣ ಕೂಡಿದ ಹಾಗೆ ಒಂದೊಂದಾಗಿ ಹಾಕಿಸುತ್ತಾರೆ, ಮತ್ತು ಪ್ರತಿಯೊಂದೂ ಸುರಕ್ಷತೆಯನ್ನು ಒಂದು ಮೆಟ್ಟಿಲು ಏರಿಸಿತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅರ್ಧಕ್ಕೆ ನಿಂತ ಮಾರ್ಪಾಡು ಮೂಲ ಸ್ಥಿತಿಯ ಕಾರಿಗಿಂತ ಅಪಾಯಕಾರಿಯಾಗಬಲ್ಲದು. ಕೇಜಿಲ್ಲದ ಕಾರಿನಲ್ಲಿ ಹಾರ್ನೆಸ್ ಬಿಗಿದರೆ, ಕಾರು ಮಗುಚಿ ಛಾವಣಿ ಕುಸಿದಾಗ ಪಕ್ಕಕ್ಕೆ ವಾಲಲು ಚಾಲಕನಿಗೆ ಅವಕಾಶವಿರುವುದಿಲ್ಲ. ಕೇಜ್ ಹಾಕಿಸಿ ಅದರ ಕೊಳವೆಗಳಿಗೆ ಗಟ್ಟಿ ಪ್ಯಾಡಿಂಗ್ ಸುತ್ತದೆ, ಅದೇ ಕಾರನ್ನು ಹೆಲ್ಮೆಟ್ಟಿಲ್ಲದೆ ಪೇಟೆಯಲ್ಲಿ ಓಡಿಸಿದರೆ ಸಣ್ಣ ಡಿಕ್ಕಿಯಲ್ಲೂ ಬರಿತಲೆ ಉಕ್ಕಿಗೆ ಬಡಿಯುತ್ತದೆ. ಎಲ್ಲಕ್ಕಿಂತ ಕಡೆಗಣಿತವಾದದ್ದು ಕುತ್ತಿಗೆ.

ಹಾರ್ನೆಸ್ ಎರಡೂ ಭುಜಗಳನ್ನು ಸೀಟಿಗೆ ಕಟ್ಟಿಹಾಕುತ್ತದೆ. ಕಾರು ಗೋಡೆಗೆ ಎದುರಾಗಿ ಬಡಿದಾಗ ಮುಂಡ ನಿಂತುಬಿಡುತ್ತದೆ, ಹೆಲ್ಮೆಟ್ಟಿನ ಭಾರವೂ ಸೇರಿದ ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುತ್ತದೆ, ಮತ್ತು ಆ ಎಳೆತವೆಲ್ಲ ತಲೆಬುರುಡೆಯ ತಳ ಕುತ್ತಿಗೆಗೆ ಕೂಡುವ ಜಾಗದಲ್ಲಿ ಬೀಳುತ್ತದೆ. ತಲೆ ಎಲ್ಲಿಗೂ ತಾಗದೆಯೇ ಬುರುಡೆಯ ತಳ ಬಿರಿಯಬಹುದು. ಇಲ್ಲಿ ಎಷ್ಟೇ ಬೆಲೆಬಾಳುವ ಹೆಲ್ಮೆಟ್ಟೂ ನಿರುಪಯೋಗಿ, ಅದರ ತೂಕ ಹೆಚ್ಚಿದಷ್ಟೂ ಹಾನಿ ಹೆಚ್ಚು. 1981ರಲ್ಲಿ ಗೆಳೆಯ ಪ್ಯಾಟ್ರಿಕ್ ಜಾಕ್ಮಾರ್ ಹೀಗೆಯೇ ಸತ್ತದ್ದನ್ನು ಕಂಡ ರೇಸ್ ಚಾಲಕ ಜಿಮ್ ಡೌನಿಂಗ್, ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೈವಿಕ ಯಂತ್ರವಿಜ್ಞಾನದ ಪ್ರಾಧ್ಯಾಪಕರಾಗಿದ್ದ ತಮ್ಮ ಭಾವ ರಾಬರ್ಟ್ ಹಬ್ಬರ್ಡ್ ಅವರೊಂದಿಗೆ ಸೇರಿ ಹ್ಯಾನ್ಸ್ ಎಂಬ ಸಾಧನವನ್ನು ರೂಪಿಸಿದರು. ಭುಜದ ಬೆಲ್ಟುಗಳ ಕೆಳಗೆ ಕೂರುವ ಕಾಲರಿನಂಥ ಚೌಕಟ್ಟು, ಅದರಿಂದ ಹೆಲ್ಮೆಟ್ಟಿನ ಎರಡೂ ಬದಿಗೆ ಕೊಂಡಿ ಹಾಕಿದ ಪಟ್ಟಿಗಳು, ಇಷ್ಟೇ ಅದರ ರಚನೆ. ತಲೆ ಮುಂದಕ್ಕೆ ಹೋದಾಗ ಎಳೆತವನ್ನು ಕುತ್ತಿಗೆಯ ಬದಲು ಈ ಪಟ್ಟಿಗಳು ಹೊರುತ್ತವೆ. ಸರಳವಾದ ಈ ಉಪಾಯವನ್ನು ಚಾಲಕರು ವರ್ಷಗಳ ಕಾಲ ಅನಾನುಕೂಲವೆಂದು ದೂರವಿಟ್ಟರು. 2001ರ ಫೆಬ್ರವರಿ 18ರಂದು ಡೇಟೋನಾದಲ್ಲಿ ಅಮೆರಿಕದ ಜನಪ್ರಿಯ ಚಾಲಕ ಡೇಲ್ ಅರ್ನ್‌ಹಾರ್ಟ್ ಬುರುಡೆಯ ತಳ ಒಡೆದು ತೀರಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಕಾರು ರೇಸ್ ಸಂಸ್ಥೆಯಾದ ನಾಸ್ಕಾರ್ ತಲೆ-ಕುತ್ತಿಗೆ ರಕ್ಷಕವನ್ನು ಕಡ್ಡಾಯ ಮಾಡಿತು. ಫಾರ್ಮುಲಾ ಒನ್ 2003ರಲ್ಲಿ ಅದೇ ದಾರಿ ಹಿಡಿಯಿತು.

ಹವ್ಯಾಸಿಯ ಆಯ್ಕೆಗೆ ಇದರಿಂದ ಎರಡು ನೇರ ಪರಿಣಾಮಗಳಿವೆ. ಹಾರ್ನೆಸ್ ಇರುವ ಕಾರಿಗೆ ಹ್ಯಾನ್ಸ್ ಅಥವಾ ಅಂಥದೇ ರಕ್ಷಕ ಬೇಕೇ ಬೇಕು, ಆದ್ದರಿಂದ ಅದರ ಕೊಂಡಿ ಹಾಕಲು ಹೆಲ್ಮೆಟ್ಟಿನಲ್ಲಿ ವ್ಯವಸ್ಥೆಯೂ ಬೇಕು. ಸ್ನೆಲ್ ಎಸ್‌ಎ 2015 ಮತ್ತು ಅದರ ನಂತರದ ಆವೃತ್ತಿಗಳ ಹೆಲ್ಮೆಟ್ಟುಗಳಲ್ಲಿ ಇದಕ್ಕೆಂದೇ ಸ್ಕ್ರೂ ಕೂರುವ ತೂತುಗಳನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಬೈಕ್ ಹೆಲ್ಮೆಟ್ಟಿಗೆ ಡ್ರಿಲ್ ಹಾಕಿ ಕೊಂಡಿ ಸಿಕ್ಕಿಸುವ ಕೈಚಳಕ ಚಿಪ್ಪನ್ನು ದುರ್ಬಲಗೊಳಿಸುತ್ತದೆ, ಪ್ರಮಾಣಪತ್ರವನ್ನು ರದ್ದಾಗಿಸುತ್ತದೆ. ಎರಡನೆಯದಾಗಿ, ಸಾಮಾನ್ಯ ಹ್ಯಾನ್ಸ್ ಎರಡು ಭುಜಪಟ್ಟಿಗಳನ್ನು ನಂಬಿ ಕೆಲಸ ಮಾಡುವುದರಿಂದ ಮೂರು ಬಿಂದುಗಳ ಬೆಲ್ಟಿನೊಂದಿಗೆ ಅದನ್ನು ಧರಿಸಬಾರದು. ಅಂಥ ಬೆಲ್ಟಿಗೂ ಹೊಂದುವಂತೆ ತಯಾರಿಸಿದ ಬೇರೆ ರಕ್ಷಕಗಳಿವೆ. ಹೀಗಾಗಿ ನನ್ನ ಸಲಹೆ ಒಂದು ಗೆರೆ ಎಳೆಯುವುದು: ಕಾರು ಮೂಲ ಸ್ಥಿತಿಯಲ್ಲಿದ್ದರೆ ಹಾಗೆಯೇ ಇರಲಿ. ಮಾರ್ಪಾಡು ಮಾಡುವುದಾದರೆ ಕೇಜ್, ಸೀಟು, ಹಾರ್ನೆಸ್, ಎಸ್‌ಎ ಹೆಲ್ಮೆಟ್, ಕುತ್ತಿಗೆಯ ರಕ್ಷಕ ಇವೆಲ್ಲಕ್ಕೂ ಸೇರಿ ಹಣ ಕೂಡುವವರೆಗೆ ಕಾಯುವುದು.

ಇನ್ನು ಹೆಲ್ಮೆಟ್ ಕೂರುವ ಬಗೆ. ಮಾನದಂಡದ ಚೀಟಿ ಯಾವುದೇ ಇರಲಿ, ಸಡಿಲವಾದ ಹೆಲ್ಮೆಟ್ ಆ ಮಾನದಂಡದ ರಕ್ಷಣೆಯನ್ನು ಕೊಡುವುದಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಬಡಿಸಿದ್ದು ಸರಿಯಾದ ಅಳತೆಯ ತಲೆಯಚ್ಚಿಗೆ ತೊಡಿಸಿದ ಹೆಲ್ಮೆಟ್ಟನ್ನು. ಹುಬ್ಬಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆ, ಹಿಂದಲೆ ಹೆಚ್ಚು ಉಬ್ಬಿರುವ ಜಾಗವನ್ನು ಬಳಸಿ ಟೇಪಿನಿಂದ ಸುತ್ತಳತೆ ತೆಗೆದುಕೊಳ್ಳುವುದು ಆರಂಭ ಮಾತ್ರ. ಒಂದೇ ಸುತ್ತಳತೆಯ ಎರಡು ತಲೆಗಳಲ್ಲಿ ಒಂದು ದುಂಡಾಗಿಯೂ ಇನ್ನೊಂದು ಹಿಂದೆ ಮುಂದೆ ಉದ್ದವಾಗಿಯೂ ಇರಬಹುದು, ಮತ್ತು ತಯಾರಕರೂ ಮಾದರಿಗೊಂದು ಆಕಾರವನ್ನು ಆಧರಿಸಿರುತ್ತಾರೆ. ಹಣೆಯ ನಡುವೆ ಮಾತ್ರ ಒತ್ತಿ ಕಿವಿಯ ಮೇಲೆ ಸಡಿಲವಿದ್ದರೆ ಆ ಹೆಲ್ಮೆಟ್ಟಿನ ಆಕಾರ ನಿಮ್ಮ ತಲೆಗಿಂತ ದುಂಡಗಿದೆ ಎಂದರ್ಥ. ಕಪಾಲದ ಎರಡೂ ಬದಿ ಒತ್ತಿ ಹಣೆಯಲ್ಲಿ ಜಾಗ ಉಳಿದರೆ ಇದಕ್ಕೆ ತಿರುಗುಮುರುಗು. ದೊಡ್ಡ ಅಳತೆ ಕೊಂಡು ಇದನ್ನು ಸರಿಪಡಿಸಲಾಗದು, ಮಾದರಿಯನ್ನೇ ಬದಲಿಸಬೇಕು.

ತೊಟ್ಟ ಮೇಲೆ ಹೆಲ್ಮೆಟ್ಟನ್ನು ಎರಡೂ ಕೈಗಳಿಂದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಕೆನ್ನೆಯ ಮತ್ತು ಹಣೆಯ ಚರ್ಮವೂ ಜೊತೆಗೇ ಸರಿಯಬೇಕು. ಗಲ್ಲದ ಪಟ್ಟಿ ಬಿಗಿದ ಮೇಲೆ ಹಿಂಬದಿಯ ಕೆಳಅಂಚನ್ನು ಇನ್ನೊಬ್ಬರು ಮೇಲಕ್ಕೆ, ಮುಂದಕ್ಕೆ ಎತ್ತಿ ನೋಡಲಿ; ಹೆಲ್ಮೆಟ್ ಕಣ್ಣಿನ ಮೇಲೆ ಜಾರಿ ಕಳಚುವಂತಿದ್ದರೆ ಅದನ್ನು ಅಲ್ಲೇ ಬಿಡಬೇಕು. ಹೊಸದರಲ್ಲಿ ಕೆನ್ನೆಯನ್ನು ತುಸು ಅದುಮುವುದು ಸರಿ, ಏಕೆಂದರೆ ಒಳಗಿನ ಮೆತ್ತೆ ಬಳಕೆಯಿಂದ ಸ್ವಲ್ಪ ತಗ್ಗುತ್ತದೆ. ಆದರೆ ಅಂಗಡಿಯಲ್ಲೇ ಅರ್ಧ ಗಂಟೆ ತೊಟ್ಟು ಕೂತಾಗ ಒಂದೇ ಬಿಂದುವಿನಲ್ಲಿ ನೋವು ಕಾಣಿಸಿಕೊಂಡರೆ, ಶ್ರೀಪೆರಂಬದೂರಿನ ಸೆಕೆಯಲ್ಲಿ ಮೂರನೆಯ ಸುತ್ತಿಗೇ ಅದು ಗಮನವನ್ನೆಲ್ಲ ಕದಿಯುತ್ತದೆ. ಕನ್ನಡಕ ಹಾಕುವವರು ಕನ್ನಡಕದೊಂದಿಗೆ, ತಲೆಗೆ ಬೆಂಕಿನಿರೋಧಕ ಬಟ್ಟೆಯ ಮುಸುಕು ತೊಡುವವರು ಮುಸುಕಿನೊಂದಿಗೆ ತೊಟ್ಟು ನೋಡಬೇಕು. ಹೆಲ್ಮೆಟ್ ತೊಟ್ಟು ತಮ್ಮ ಕಾರಿನೊಳಗೆ ಕೂತು ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಎತ್ತರದ ಚಾಲಕರ ಹೆಲ್ಮೆಟ್ ಸನ್‌ರೂಫ್ ಇರುವ ಕಾರಿನ ಛಾವಣಿಗೆ ತಾಗಿ ತಲೆ ಬಗ್ಗಿಸಿ ಓಡಿಸುವಂತಾದರೆ, ಕುತ್ತಿಗೆ ಅಪಘಾತಕ್ಕೆ ಮುನ್ನವೇ ತಪ್ಪು ಭಂಗಿಯಲ್ಲಿರುತ್ತದೆ.

ಇದೇ ಕಾರಣಕ್ಕೆ ಅಮೆರಿಕದಲ್ಲೋ ದುಬೈಯಲ್ಲೋ ಇರುವ ನೆಂಟರ ಕೈಲಿ ಹೆಲ್ಮೆಟ್ ತರಿಸುವ ನಮ್ಮ ರೂಢಿಯ ಬಗ್ಗೆ ನನಗೆ ಅನುಮಾನವಿದೆ. ಎಸ್‌ಎ ಹೆಲ್ಮೆಟ್ಟುಗಳನ್ನು ತೊಟ್ಟು ನೋಡಿ ಕೊಳ್ಳುವ ಅಂಗಡಿಗಳು ನಮ್ಮಲ್ಲಿ ವಿರಳ ಎಂಬುದು ನಿಜ. ಹಾಗಿದ್ದರೂ ಟ್ರ್ಯಾಕಿನಲ್ಲಿ ಬೇರೆಯವರ ಹೆಲ್ಮೆಟ್ಟನ್ನು ಕೇಳಿ ಹತ್ತು ನಿಮಿಷ ತೊಟ್ಟು, ಮಾದರಿ ಮತ್ತು ಅಳತೆಯನ್ನು ಗೊತ್ತುಮಾಡಿಕೊಂಡು ಆಮೇಲೆ ತರಿಸುವುದು ಲೇಸು. ಸ್ನೆಲ್ ಮಾನದಂಡ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಎಸ್‌ಎ 2025ರ ಹೆಲ್ಮೆಟ್ಟುಗಳು ಮಾರುಕಟ್ಟೆಗೆ ಬಂದಿರುವುದರಿಂದ ಎಸ್‌ಎ 2020ರ ದಾಸ್ತಾನು ರಿಯಾಯಿತಿಯಲ್ಲಿ ಸಿಗುವ ಕಾಲವಿದು. 2020ರ ಹೆಲ್ಮೆಟ್ ಹೊಸ ಆವೃತ್ತಿ ಬಂದ ದಿನವೇ ಅಸುರಕ್ಷಿತವಾಗುವುದಿಲ್ಲ. ಆದರೆ ಆಯೋಜಕರು ಸಾಮಾನ್ಯವಾಗಿ ಇತ್ತೀಚಿನ ಕೆಲವೇ ಆವೃತ್ತಿಗಳನ್ನು ಒಪ್ಪುವುದರಿಂದ ಅದರ ಬಳಕೆಯ ಅವಧಿ ಮೊಟಕಾಗುತ್ತದೆ, ಮತ್ತು ರಿಯಾಯಿತಿ ಆ ನಷ್ಟಕ್ಕೆ ಸರಿದೂಗುವಷ್ಟಿದೆಯೇ ಎಂದು ಲೆಕ್ಕ ಹಾಕಬೇಕು. ಐದು ವರ್ಷಕ್ಕೊಮ್ಮೆ ಹೆಲ್ಮೆಟ್ ಬದಲಿಸಬೇಕೆಂಬ ಸ್ನೆಲ್ ಸಲಹೆಯ ಹಿಂದೆ ಬೆವರು, ತಲೆಯ ಎಣ್ಣೆ, ಅಂಟುಗಳ ಸವಕಳಿ, ದಿನಬಳಕೆಯ ಸಣ್ಣಪುಟ್ಟ ಪೆಟ್ಟುಗಳಿವೆ. ಚೀಟಿಯ ವರ್ಷದ ಜೊತೆಗೆ ಪಟ್ಟಿಯ ಮೇಲೋ ಒಳಪದರದ ಕೆಳಗೋ ಇರುವ ತಯಾರಿಕೆಯ ದಿನಾಂಕವನ್ನೂ ನೋಡಬೇಕು. ನಕಲಿ ಸ್ನೆಲ್ ಚೀಟಿಗಳೂ ಚಲಾವಣೆಯಲ್ಲಿವೆ. ಪ್ರಮಾಣೀಕೃತ ಮಾದರಿಗಳ ಪಟ್ಟಿಯನ್ನು ಪ್ರತಿಷ್ಠಾನವೇ ಪ್ರಕಟಿಸುತ್ತದೆ, ಅದರಲ್ಲಿ ಇಲ್ಲದ ಮಾದರಿಯ ಮೇಲೆ ಎಂಥ ಹೊಳೆಯುವ ಚೀಟಿಯಿದ್ದರೂ ಬೆಲೆಯಿಲ್ಲ.

ಹಣ ಉಳಿಸಲೆಂದು ಒಂದೇ ಹೆಲ್ಮೆಟ್ಟನ್ನು ಟ್ರ್ಯಾಕಿಗೂ ದಿನನಿತ್ಯದ ಸ್ಕೂಟರಿಗೂ ಬಳಸುವ ಯೋಚನೆ ಬರುವುದುಂಟು. ಎಸ್‌ಎ ಹೆಲ್ಮೆಟ್ಟಿನ ಕಣ್ಣಿನ ತೆರವು ಕಿರಿದಾಗಿರಲು ಆ ಮಾನದಂಡ ಅವಕಾಶ ಕೊಡುವುದರಿಂದ ಪಕ್ಕದ ಗಲ್ಲಿಯಿಂದ ನುಗ್ಗುವ ವಾಹನ ಕಾಣುವುದು ತಡವಾಗಬಹುದು. ಕಾನೂನೂ ಅಡ್ಡ ಬರುತ್ತದೆ: 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ದ್ವಿಚಕ್ರ ಸವಾರನಿಗೆ ನಿಗದಿತ ಮಾನದಂಡಕ್ಕೆ ಅನುಗುಣವಾದ ಹೆಲ್ಮೆಟ್ಟನ್ನು ವಿಧಿಸುತ್ತದೆ, ಆ ಮಾನದಂಡ ಭಾರತೀಯ ಮಾನಕ ಐಎಸ್ 4151. ಸ್ನೆಲ್ ಎಸ್‌ಎ ಚೀಟಿ ಮಾತ್ರವಿರುವ ಹೆಲ್ಮೆಟ್ ಎಷ್ಟೇ ದುಬಾರಿಯಾಗಿದ್ದರೂ ಅದಕ್ಕೆ ಪರ್ಯಾಯವಾಗದು.

ಕೊಂಡ ಮೇಲಿನ ಆರೈಕೆ ಚಿಕ್ಕ ವಿಷಯ. ಪೆಟ್ರೋಲ್, ಥಿನ್ನರ್‌ಗಳು ಥರ್ಮೋಕೋಲನ್ನು ಕರಗಿಸುತ್ತವೆ. ಆದ್ದರಿಂದ ಕಾರಿನ ಹಿಂಬದಿಯ ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನಿನ ಪಕ್ಕ ಹೆಲ್ಮೆಟ್ ಇಡಬಾರದು, ಬಿಸಿಲಿಗೆ ಕಾದ ಕಾರಿನೊಳಗೆ ದಿನಗಟ್ಟಲೆ ಬಿಡಬಾರದು. ತಲೆ ಒಳಗಿದ್ದಾಗ ಒಮ್ಮೆ ಜೋರಾಗಿ ಬಡಿದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಒಳಪದರ ತನ್ನ ಕೆಲಸ ಮುಗಿಸಿರುತ್ತದೆ. ಅದನ್ನು ಮಾರುವುದಾಗಲಿ ಹೊಸಬರಿಗೆ ದಾನ ಮಾಡುವುದಾಗಲಿ ಸಲ್ಲ.

ಪಕ್ಕದ ಸೀಟಿನ ಪ್ರಶ್ನೆಯೊಂದು ಉಳಿಯಿತು. ಟ್ರ್ಯಾಕ್ ಡೇಗಳಲ್ಲಿ ತರಬೇತುದಾರರೋ ಗೆಳೆಯರೋ ತಮ್ಮಂದಿರೋ ಒಂದೆರಡು ಸುತ್ತು ಜೊತೆಗೆ ಕೂರುವುದು ಸಾಮಾನ್ಯ, ಮತ್ತು ಅವರಿಗೆ ಸಿಗುವುದು ಹಲವು ಸಲ ಕಾರುಗಳನ್ನು ಟ್ರ್ಯಾಕಿನ ಪಕ್ಕ ನಿಲ್ಲಿಸುವ ಜಾಗವಾದ ಪಿಟ್‌ನಲ್ಲಿ ಬಿದ್ದಿರುವ, ಹತ್ತಾರು ತಲೆಗಳನ್ನು ಕಂಡು ಮೆತ್ತೆ ಕುಗ್ಗಿದ, ದಿನಾಂಕ ಅಳಿಸಿಹೋದ ಬಾಡಿಗೆ ಹೆಲ್ಮೆಟ್. ಅಪಘಾತದಲ್ಲಿ ಆ ಸೀಟಿನ ಮೇಲೆ ಬೀಳುವ ಭಾರ ಚಾಲಕನದ್ದಕ್ಕಿಂತ ಕಡಿಮೆಯಲ್ಲ. ಹಿಡಿಯಲು ಸ್ಟೇರಿಂಗ್ ಕೂಡ ಇಲ್ಲದ, ಮುಂದಿನ ತಿರುವು ಯಾವ ಕ್ಷಣ ಬರುತ್ತದೆಂದು ತಿಳಿಯದ ವ್ಯಕ್ತಿ ಅಲ್ಲಿ ಕೂತಿರುತ್ತಾರೆ. ಚಾಲಕನಿಗೆ ಹಾರ್ನೆಸ್, ಕುತ್ತಿಗೆಯ ರಕ್ಷಕ ಇದ್ದು ಪಕ್ಕದವರಿಗೆ ಮೂಲ ಬೆಲ್ಟು ಮಾತ್ರವಿರುವ ಕಾರಿನಲ್ಲಿ ಯಾರನ್ನೂ ಕೂರಿಸಿಕೊಳ್ಳದಿರುವುದು ಉತ್ತಮ. ಎರಡೂ ಸೀಟುಗಳ ವ್ಯವಸ್ಥೆ ಒಂದೇ ಆಗಿದ್ದು, ಅವರ ತಲೆಗೆ ಸರಿಯಾಗಿ ಕೂರುವ, ನಿಮ್ಮದರಷ್ಟೇ ಮಾನದಂಡದ ಹೆಲ್ಮೆಟ್ ಸಿಕ್ಕಿದರೆ ಮಾತ್ರ ಅವರು ಹತ್ತಲಿ. ಸಿಗದಿದ್ದರೆ ಪಿಟ್ ಗೋಡೆಯ ಈಚೆ ನಿಂತು ನೋಡಲಿ.